ಬೊಮ್ಮ: ಹನ್ನೆರಡನೆಯ ಶತಮಾನದ ಮಂಗಳೂರಿನ ಒಬ್ಬ ಆಳು

ಬೊಮ್ಮ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ತುಳುನಾಡಿನಲ್ಲಿದ್ದ ಒಬ್ಬ ಆಳು. ಮಂಗಳೂರಿನಲ್ಲಿ ನೆಲೆ ನಿಂತಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಗೆ ಅವನು ದಾಸ. ಒಡೆಯನ ಸರಕು ತೆಗೆದುಕೊಂಡು ಸಮುದ್ರ ದಾಟುವುದು, ಯೆಮೆನ್ನಿನ ಏಡನ್ ಬಂದರಿನಲ್ಲಿ ಲೆಕ್ಕ ಒಪ್ಪಿಸುವುದು, ಅಲ್ಲಿಂದ ಬೇಕಾದ ಸಾಮಾನು ಕೊಂಡು ತರುವುದು ಅವನ ಕೆಲಸ. ಆ ಕಾಲದ ಕರ್ನಾಟಕದ ಚರಿತ್ರೆ ಬಹುಮಟ್ಟಿಗೆ ಕಲ್ಲಿನ ಮೇಲಿನ ಬರಹದಿಂದ ತಿಳಿಯುವಂಥದ್ದು. ಶಾಸನದಲ್ಲಿ ಹೆಸರು ಬರಬೇಕಾದರೆ ರಾಜನಾಗಿರಬೇಕು, ದತ್ತಿ ಬಿಟ್ಟವನಾಗಿರಬೇಕು, ಇಲ್ಲವೇ ತುರುಗೊಳ್ ಕಾಳಗದಲ್ಲಿ ಸತ್ತು ವೀರಗಲ್ಲು ಹಾಕಿಸಿಕೊಂಡಿರಬೇಕು. ಬೊಮ್ಮ ಇದ್ಯಾವುದೂ ಅಲ್ಲ. ಅವನ ಹೆಸರು ಉಳಿದದ್ದು ವ್ಯಾಪಾರಿಗಳ ಕಾಗದಗಳಲ್ಲಿ, ಅದೂ ಈಜಿಪ್ಟಿನ ಒಂದು ಪ್ರಾರ್ಥನಾ ಮಂದಿರದ ಕೋಣೆಯಲ್ಲಿ.

ಬೊಮ್ಮನ ಕಥೆ ಒಡೆಯನ ಕಥೆಯೊಂದಿಗೆ ಹೆಣೆದುಕೊಂಡಿದೆ. ಬೆನ್ ಯಿಜು ಹುಟ್ಟಿದ್ದು ಇಂದಿನ ಟ್ಯುನಿಸಿಯಾದ ಕರಾವಳಿಯ ಮಹ್ದಿಯ ಎಂಬ ಊರಿನಲ್ಲಿ. ತಂದೆ ಪೆರಹ್ಯ. ಯೂಸುಫ್, ಮುಬಶ್ಶಿರ್ ಎಂಬ ಇಬ್ಬರು ಅಣ್ಣತಮ್ಮಂದಿರು, ಬೆರಖಾ ಎಂಬ ಒಬ್ಬಳು ಸೋದರಿ. ಓದುಬರಹ ಬಲ್ಲ ಕುಟುಂಬ; ಅಬ್ರಹಾಮನ ಅಕ್ಷರ ಲಿಪಿಕಾರನ ಅಕ್ಷರದಂತೆ ಅಚ್ಚುಕಟ್ಟು. ವ್ಯಾಪಾರದ ದಾರಿ ಹಿಡಿದು ಈಜಿಪ್ಟ್ ದಾಟಿ ಏಡನ್ನಿಗೆ ಬಂದ ಅವನಿಗೆ ಅಲ್ಲಿ ಆಸರೆಯಾದವನು ಮದ್ಮೂನ್ ಇಬ್ನ್ ಹಸನ್. ಏಡನ್ನಿನ ಯಹೂದಿ ಸಮುದಾಯದ ಮುಖ್ಯಸ್ಥ, ಬಂದರಿನ ವ್ಯವಹಾರ ನೋಡಿಕೊಳ್ಳುವವನು, ಪರಊರಿನ ವ್ಯಾಪಾರಿಗಳ ಪ್ರತಿನಿಧಿ ಎಲ್ಲವೂ ಅವನೇ. 1132ರ ಹೊತ್ತಿಗೆ ಬೆನ್ ಯಿಜು ಮಂಗಳೂರಿನಲ್ಲಿದ್ದ. 1149ರವರೆಗೆ ಅವನ ಬದುಕಿನ ಹೆಚ್ಚಿನ ಕಾಲ ಕಳೆದದ್ದು ಇಲ್ಲೇ.

ಆಗಿನ ಮಂಗಳೂರು ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಬಂದರು. ಕರಾವಳಿಯನ್ನು ಆಳುತ್ತಿದ್ದವರು ಆಳುಪರು. ಬಾರಕೂರು ಅವರ ರಾಜಧಾನಿ, ಕವಿ ಆಳುಪೇಂದ್ರ ಅರಸ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. 1116ರಲ್ಲಿ ಚೋಳರಿಂದ ತಲಕಾಡನ್ನು ಕಸಿದುಕೊಂಡು ಮರುವರ್ಷವೇ ಬೇಲೂರಿನ ಗುಡಿಯನ್ನು ಪ್ರತಿಷ್ಠೆ ಮಾಡಿಸಿದ್ದ ಅವನ ಕಣ್ಣು ಕರಾವಳಿಯ ಮೇಲೂ ಇತ್ತು. ಇನ್ನೂ ಉತ್ತರಕ್ಕೆ ಕಲ್ಯಾಣದಲ್ಲಿ ‘ಮಾನಸೋಲ್ಲಾಸ’ದ ಕರ್ತೃವೆಂದು ಹೆಸರಾದ ಚಾಲುಕ್ಯ ಮೂರನೆಯ ಸೋಮೇಶ್ವರ ಆಳುತ್ತಿದ್ದ. ಬೊಮ್ಮ ಏಡನ್ನಿಗೆ ಹೋಗಿಬರುತ್ತಿದ್ದ ಕಾಲವೂ ಬಸವಣ್ಣನವರು ಬೆಳೆದ ಕಾಲವೂ ಒಂದೇ. ಪಠ್ಯಪುಸ್ತಕಗಳು ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಇಡುವುದಿಲ್ಲ; ಆದರೆ ಕಲ್ಯಾಣದ ಶರಣರೂ ಮಂಗಳೂರಿನ ಈ ಆಳೂ ಒಂದೇ ತಲೆಮಾರಿನವರು. ಬೆನ್ ಯಿಜುವಿಗೆ ಬಂದ ಪತ್ರಗಳಲ್ಲಿ ಮಾತ್ರ ಈ ಅರಸರಲ್ಲಿ ಯಾರ ಸುದ್ದಿಯೂ ಇಲ್ಲ. ಪತ್ರ ಬರೆಯುವವರಿಗೆ ಬೇಕಾದದ್ದು ಮೆಣಸಿನ ಧಾರಣೆ, ಕಬ್ಬಿಣದ ಗುಣ, ಯಾವ ಹಡಗು ಎಲ್ಲಿ ಮುಳುಗಿತು ಎಂಬ ಸಮಾಚಾರ.

ಮಂಗಳೂರಿನಲ್ಲಿ ಬೆನ್ ಯಿಜುವಿನ ಇರವಿಗೆ ಸಿಗುವ ಮೊದಲ ದಿನಾಂಕ 1132ರ ಅಕ್ಟೋಬರ್ 17. ಅಂದು ಅವನು ಅಶು ಎಂಬ ತುಳುನಾಡಿನ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಯಹೂದಿ ಕಟ್ಟಳೆಯ ಪ್ರಕಾರ ದಾಸ್ಯದಿಂದ ಬಿಟ್ಟ ಹೆಣ್ಣು ಆ ಧರ್ಮಕ್ಕೆ ಸೇರುತ್ತಾಳೆ, ಹೊಸ ಹೆಸರು ಪಡೆಯುತ್ತಾಳೆ. ಅಶುವಿಗೆ ಇಟ್ಟ ಹೆಸರು ಬೆರಖಾ, ಅಂದರೆ ದೂರದ ಮಹ್ದಿಯದಲ್ಲಿದ್ದ ಅವನ ಸೋದರಿಯದೇ ಹೆಸರು. ಅವನ ಮಕ್ಕಳ ತಾಯಿ ಈಕೆಯೇ ಎಂದು ಈ ಕಾಗದಗಳನ್ನು ಓದಿದ ವಿದ್ವಾಂಸರು ತಿಳಿಯುತ್ತಾರೆ. ಅವನ ಲೆಕ್ಕದ ಚೀಟಿಗಳಲ್ಲಿ ನಾಯರ್ ಎಂಬೊಬ್ಬ ಅವಳ ಸೋದರನಾಗಿ ಕಾಣಿಸಿಕೊಳ್ಳುವುದರಿಂದ, ಅವಳದು ತಾಯಿಯ ಕಡೆಯಿಂದ ಸಂತಾನ ಎಣಿಸುವ ಮನೆತನವಿರಬೇಕು ಎಂಬ ಊಹೆಯೂ ಇದೆ. ಅಳಿಯಸಂತಾನದ ನಾಡಿನಲ್ಲಿ ಹೆಣ್ಣಿನ ಅಣ್ಣತಮ್ಮಂದಿರು ವ್ಯವಹಾರಕ್ಕೆ ಬರುವುದು ಸಹಜವೇ. ಆದರೆ ಏಡನ್ನಿನಿಂದ ಬಂದ ಪತ್ರಗಳು ಮಗನನ್ನು ಹೆಸರಿಟ್ಟು ವಿಚಾರಿಸುತ್ತವೆ, ಆಳನ್ನೂ ವಿಚಾರಿಸುತ್ತವೆ; ಅಶುವಿನ ಕ್ಷೇಮ ಒಂದರಲ್ಲೂ ಕೇಳಿಲ್ಲ. ಪರರ ಹೆಂಡತಿಯ ಮಾತೆತ್ತದಿರುವುದು ಆಗಿನ ಶಿಷ್ಟಾಚಾರ ಎನ್ನಬಹುದು. ಹಾಗೆಂದರೂ ಬಿಡುಗಡೆಯ ಪತ್ರವೊಂದನ್ನು ಬಿಟ್ಟರೆ ಅವಳ ಪಾಲಿಗೆ ಬಂದ ಕಾಗದ ಬಹಳ ಕಡಿಮೆ. ಆಳಿಗೆ ಸಿಕ್ಕಿದಷ್ಟು ಜಾಗವೂ ಮನೆಯೊಡತಿಗೆ ಸಿಕ್ಕಿಲ್ಲ.

ಬೆನ್ ಯಿಜುವಿನ ವ್ಯಾಪಾರ ಎರಡು ಬಗೆಯದು. ಒಂದು, ಇಲ್ಲಿನ ಅಡಿಕೆ, ಏಲಕ್ಕಿ, ಕಾಳುಮೆಣಸು, ಕಬ್ಬಿಣ ಕೊಂಡು ಏಡನ್ನಿಗೆ ಕಳಿಸುವುದು. ಎರಡು, ಕಂಚಿನ ಕಾರ್ಖಾನೆ. ಅಲ್ಲಿ ಊರಿನ ಕುಶಲಕರ್ಮಿಗಳೂ ಹೊರಗಿನಿಂದ ಬಂದ ಯಹೂದಿ ಕೆಲಸಗಾರರೂ ಇದ್ದರು. ಏಡನ್ನಿನ ಗೆಳೆಯರು ಒಡೆದ ಹೂಜಿ, ತಟ್ಟೆ, ಹಳೆಯ ತಾಮ್ರ, ಸೀಸಗಳನ್ನು ಕಳಿಸಿ ಹೊಸ ಪಾತ್ರೆ ಮಾಡಿಕೊಡುವಂತೆ ಬರೆಯುತ್ತಿದ್ದರು. ಬೇಡಿಕೆಗಳು ಬಹಳ ಖಚಿತ. ಒಬ್ಬನಿಗೆ ಎಂಟು ಮೂಲೆಯ ದಪ್ಪ ಕಂಬದ ದೀಪ ಬೇಕು. ಬುಡಕ್ಕೆ ಗಟ್ಟಿ ಕಾಲುಗಳಿರಬೇಕು. ಮೇಲಿನ ಹಣತೆಗೆ ಎರಡು ಬತ್ತಿಯ ಮೂತಿಗಳಿರಬೇಕು, ಅದು ಕಂಬದ ಮೇಲೆ ಏರಿಳಿಯುವಂತಿರಬೇಕು. ಕಂಬ, ಬುಡ, ಹಣತೆ ಮೂರೂ ಬೇರೆಬೇರೆಯಾಗಿ ಬಿಚ್ಚುವಂತಿರಬೇಕು. ಕರಾವಳಿಯ ಮನೆಗಳಲ್ಲಿ ಇಂದಿಗೂ ಇರುವ ಕಾಲುದೀಪವನ್ನು ನೋಡಿದವರಿಗೆ ಈ ವಿವರಣೆ ಹೊಸದೆನಿಸದು.

ಇಷ್ಟು ದೂರಕ್ಕೆ ಒಡಕು ಪಾತ್ರೆ ಸಾಗಿಸಿ ಮಂಗಳೂರಿನಲ್ಲೇ ಎರಕ ಹೊಯ್ಯಿಸುವುದಕ್ಕೆ ಕಾರಣವಿತ್ತು. ತಾಮ್ರದಂಥ ಲೋಹ ಇಲ್ಲಿ ಕಡಿಮೆ, ಕೈಕೆಲಸ ಹೇರಳ. ಊರಿನ ಎರಕದ ಪರಂಪರೆಗೆ ಸಾಕ್ಷಿ ಕದ್ರಿಯಲ್ಲೇ ಇದೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಅಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿ ದಕ್ಷಿಣ ಭಾರತದ ಶ್ರೇಷ್ಠ ಲೋಹಶಿಲ್ಪಗಳಲ್ಲಿ ಒಂದು. ಅದಾದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬೆನ್ ಯಿಜು ಇಲ್ಲಿ ಕಂಚುಗಾರರನ್ನು ಹುಡುಕಿದಾಗ ಅವನಿಗೆ ಆಳುಗಳ ಕೊರತೆ ಬಿದ್ದಿರಲಿಕ್ಕಿಲ್ಲ.

ಏಡನ್ನಿನಿಂದ ಮಂಗಳೂರಿಗೆ ಬರುತ್ತಿದ್ದ ವಸ್ತುಗಳ ಪಟ್ಟಿ ಸ್ವಾರಸ್ಯವಾಗಿದೆ. ಚಿನ್ನದ ನಾಣ್ಯ, ರೇಷ್ಮೆ, ಕೆಂಪು ಪಾಷಾಣ ಮಾರುಕಟ್ಟೆಗೆ. ಮನೆಗೆ ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಗಾಜಿನ ಸಾಮಾನು, ಆಫ್ರಿಕಾ ಕರಾವಳಿಯ ಬರ್ಬೆರಾದ ಚಾಪೆ, ಬಾಣಲೆ, ಜರಡಿ. ಇವೆಲ್ಲಕ್ಕಿಂತ ಬೆನ್ ಯಿಜು ಹಾತೊರೆದು ತರಿಸಿಕೊಳ್ಳುತ್ತಿದ್ದದ್ದು ಈಜಿಪ್ಟಿನ ಬಿಳಿ ಕಾಗದ. ತಾಳೆಗರಿಯ ನಾಡಿನಲ್ಲಿ ಕಾಗದ ದುಬಾರಿ. ಹಾಗಾಗಿ ಬಂದ ಪತ್ರದ ಬೆನ್ನಿನ ಮೇಲೇ, ಸಾಲುಗಳ ನಡುವಿನ ಖಾಲಿ ಜಾಗದಲ್ಲೇ ಅವನು ತನ್ನ ಲೆಕ್ಕ, ಕರಡು, ಪದ್ಯ, ಧರ್ಮಶಾಸ್ತ್ರದ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಈ ಜಿಪುಣತನವೇ ಮುಂದಿನವರಿಗೆ ಲಾಭವಾಯಿತು. ಒಂದೇ ಹಾಳೆಯ ಒಂದು ಬದಿಯಲ್ಲಿ ಏಡನ್ನಿನ ದೊಡ್ಡ ಸುದ್ದಿ, ಇನ್ನೊಂದು ಬದಿಯಲ್ಲಿ ಮಂಗಳೂರಿನ ಮನೆಯ ಖರ್ಚು ಓದಲು ಸಿಗುತ್ತದೆ.

ಅವನಿಗೆ ಊರಿನ ವ್ಯಾಪಾರಿಗಳೊಡನೆ ಇದ್ದ ಒಡನಾಟವೂ ಈ ಕಾಗದಗಳಿಂದ ತಿಳಿಯುತ್ತದೆ. ಮದ್ಮೂನ್ ಒಮ್ಮೆ ಮೂವರು ವ್ಯಾಪಾರಿಗಳಿಗೆ ಸುದ್ದಿ ಮುಟ್ಟಿಸುವಂತೆ ಬರೆಯುತ್ತಾನೆ. ಒಬ್ಬ ಸುಸಿತಿ, ಅಂದರೆ ಶೆಟ್ಟಿ ಎಂದು ಕೊನೆಯಾಗುವ ಯಾವುದೋ ಹೆಸರು, ಇನ್ನೊಬ್ಬ ಕಿನಬ್ತಿ, ಮತ್ತೊಬ್ಬ ಇಶಾಕ್ ಎಂಬ ಬನಿಯ. ಮುಂದಿನ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಬರುವ ಲಕ್ಷಣವಿದೆ, ಮಂಗಳೂರಿನಿಂದ ಒಂದು ಹಡಗು ಹೊರಡಿಸಿ, ಮೆಣಸು, ಶುಂಠಿ, ಕಬ್ಬಿಣ ತುಂಬಿಸಿ ಎಂಬುದು ಒಕ್ಕಣೆ. ಇನ್ನೊಂದೆಡೆ ‘ಫತನ್‌ಸ್ವಾಮಿ’ಯ ಹಡಗು ಬರುತ್ತದೆ; ಕನ್ನಡ ಶಾಸನಗಳು ಪೇಟೆಯ ಹಿರಿಯ ವರ್ತಕನಿಗೆ ಕೊಡುವ ಪಟ್ಟಣಸ್ವಾಮಿ ಎಂಬ ಬಿರುದೇ ಅರಬ್ಬಿಯ ಬಾಯಲ್ಲಿ ಹೀಗಾಗಿದೆ. ಯಹೂದಿ, ಮುಸ್ಲಿಂ, ಶೆಟ್ಟಿ, ಗುಜರಾತಿ ಬನಿಯ ಒಂದೇ ಹಡಗಿನಲ್ಲಿ ಪಾಲು ಹಾಕುತ್ತಿದ್ದರು. ಇದನ್ನು ಸೌಹಾರ್ದದ ಚಿತ್ರವೆಂದು ಕೊಂಡಾಡುವ ಮುಂಚೆ ಕಾರ್ದಾರನ ಪ್ರಸಂಗವನ್ನೂ ನೆನೆಯಬೇಕು. ಏಲಕ್ಕಿ ಕೊಡಿಸುವುದಾಗಿ ಮುಂಗಡ ಹಣ ಪಡೆದ ಈ ದಲ್ಲಾಳಿ ಮಾಲು ಕೊಡಲೇ ಇಲ್ಲ. ಏಡನ್ನಿನ ಪಾಲುದಾರ ಯೂಸುಫ್ ಇಬ್ನ್ ಅಬ್ರಹಾಂ ನಷ್ಟವನ್ನು ಹಂಚಿಕೊಳ್ಳಲು ಒಪ್ಪದೆ, ಆ ಮನುಷ್ಯನನ್ನು ಶಪಿಸಿ, ಹಣ ವಸೂಲಿ ಮಾಡುವ ಹೊಣೆಯನ್ನು ಬೆನ್ ಯಿಜುವಿನ ತಲೆಗೇ ಕಟ್ಟಿದ. ಪತ್ರದಿಂದ ಪತ್ರಕ್ಕೆ ಈ ವಿಷಯ ಎಳೆದುಕೊಂಡು ಹೋಗುತ್ತದೆ.

ಬೊಮ್ಮ ಕಾಗದದ ಮೇಲೆ ಮೊದಲು ಎದ್ದು ಕಾಣುವುದು 1135ರ ಸುಮಾರಿನ ಏಡನ್ ಪ್ರಯಾಣದಲ್ಲಿ. ಮಳೆಗಾಲ ಕಳೆದು ಮೂಡಣದ ಗಾಳಿ ಬೀಸಿದ ಮೇಲೆ ಮಂಗಳೂರಿನಿಂದ ಹಡಗು ಬಿಡುವುದು, ಮುಂಗಾರಿನ ಆರ್ಭಟ ಇಳಿದಾಗ ಪಡುವಣ ಗಾಳಿಯಲ್ಲಿ ಮರಳುವುದು ವಾಡಿಕೆ. ಎಂದರೆ ಒಮ್ಮೆ ಹೋದವನು ಏಡನ್ನಿನಲ್ಲಿ ತಿಂಗಳುಗಟ್ಟಲೆ ಕೂರಲೇಬೇಕು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು, ಮೆಣಸಿನ ಮೂಟೆ, ಕಬ್ಬಿಣದ ಹೊರೆ, ಅದರ ಮೇಲೆ ಜನ. ಬೆನ್ ಯಿಜು ಇಂಥ ಪ್ರಯಾಣಕ್ಕೆ ತಾನು ಹೋಗದೆ ಬೊಮ್ಮನನ್ನು ಕಳಿಸಿದ್ದೇ ಅವನಲ್ಲಿ ಇಟ್ಟಿದ್ದ ನಂಬಿಕೆಗೆ ಗುರುತು. ದಾಸ ಎಂಬ ಮಾತಿಗೆ ಇಂದಿನವರು ಕೊಡುವ ಅರ್ಥ ಅಲ್ಲಿ ಪೂರ್ತಿ ಹೊಂದುವುದಿಲ್ಲ. ಆ ವ್ಯಾಪಾರಿ ಲೋಕದಲ್ಲಿ ದಾಸನೇ ಗುಮಾಸ್ತ, ದಾಸನೇ ಪ್ರತಿನಿಧಿ. ಸಂಬಳವಿಲ್ಲದ ಜೀತಗಾರನೂ ಅಲ್ಲ. ಬೊಮ್ಮನಿಗೆ ಏಡನ್ನಿನಲ್ಲಿ ತಿಂಗಳ ಭತ್ಯೆ ಗೊತ್ತಾಗಿತ್ತು, ಮದ್ಮೂನ್ ಅದನ್ನು ಬೆನ್ ಯಿಜುವಿನ ಖಾತೆಗೆ ಬರೆಯುತ್ತಿದ್ದ. ಹಾಗೆಂದು ಅವನು ಸ್ವತಂತ್ರನೂ ಅಲ್ಲ; ಅಶುವಿಗೆ ಬಿಡುಗಡೆಯ ಪತ್ರವಿದೆ, ಬೊಮ್ಮನ ಹೆಸರಿನಲ್ಲಿ ಅಂಥದ್ದು ಸಿಕ್ಕಿಲ್ಲ.

ಏಡನ್ ತಲುಪಿದ ಬೊಮ್ಮ ಕುಡಿದ. ಭತ್ಯೆ ಸಾಲದೆ ಮದ್ಮೂನನ ಬಳಿ ಹೋಗಿ ಇನ್ನಷ್ಟು ಹಣ ಪಡೆದ. ಊರಿನ ದೊಡ್ಡ ಮನುಷ್ಯ ಇದರಿಂದ ಬೇಸತ್ತು ಒಡೆಯನಿಗೆ ದೂರು ಬರೆದ. ಇತಿಹಾಸದಲ್ಲಿ ಬೊಮ್ಮನ ಸ್ವಭಾವದ ಬಗ್ಗೆ ನೇರವಾಗಿ ಉಳಿದಿರುವ ಮಾತೆಂದರೆ ಈ ದೂರೊಂದೇ. ಅದೇ ಪ್ರಯಾಣದಲ್ಲಿ ಅವನು ಒಪ್ಪಿಸಿದ ಕೆಲಸವನ್ನೂ ಮಾಡಿ ಮುಗಿಸಿದ್ದ ಎಂಬುದು ಲೆಕ್ಕದಿಂದ ತಿಳಿಯುತ್ತದೆ. ಮರಳುವಾಗ ಅವನ ಕೈಯಲ್ಲಿ ಚಾಪೆ, ತೊಗಲಿನ ಹಾಸು, ಬಾಣಲೆ, ಜರಡಿ, ಸಾಬೂನು, ಎರಡು ಈಜಿಪ್ಟಿನ ನಿಲುವಂಗಿ, ಸಕ್ಕರೆ, ಒಣದ್ರಾಕ್ಷಿ, ಬಿಳಿ ಕಾಗದ. ಜೊತೆಗೆ ಒಡೆಯನ ಪುಟ್ಟ ಮಗ ಸುರೂರನಿಗೆಂದು ಮದ್ಮೂನ್ ಕಳಿಸಿದ ಒಂದು ಹವಳದ ತುಣುಕು.

ಆ ವರ್ಷ ಏಡನ್ನಿನಲ್ಲಿ ನಡೆದದ್ದು ಹಿಂದೂ ಮಹಾಸಾಗರದ ಚರಿತ್ರೆಯಲ್ಲಿ ಅಪರೂಪದ ಘಟನೆ. ಅಲ್ಲಿಯವರೆಗೆ ಈ ಕಡಲಿನಲ್ಲಿ ಕಳ್ಳರ ಕಾಟವಿತ್ತು, ಒಂದು ರಾಜ್ಯದ ನೌಕಾಪಡೆ ಇನ್ನೊಂದು ಬಂದರನ್ನು ಕಿತ್ತುಕೊಳ್ಳಲು ಹೊರಡುವುದು ಕಡಿಮೆ. ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ಅಮೀರ ಏಡನ್ನಿನ ಒಂದು ಭಾಗ ತನಗೆ ಬೇಕೆಂದ. ಏಡನ್ ಆಗ ಈಜಿಪ್ಟಿನ ಫಾತಿಮಿ ಖಲೀಫರಿಗೆ ನಡೆದುಕೊಳ್ಳುತ್ತಿದ್ದ ಝುರೈ ಮನೆತನದ ಇಬ್ಬರು ದಾಯಾದಿಗಳ ನಡುವೆ ಹಂಚಿಹೋಗಿತ್ತು. ಒಬ್ಬನ ಪಾಲಿಗೆ ಬಂದರು, ಕಡಲಿನ ಕಡೆ, ಇನ್ನೊಬ್ಬನ ಪಾಲಿಗೆ ಊರು. ಈ ಒಡಕನ್ನು ಕಂಡೇ ಕೀಶಿನ ಅಮೀರ ಹದಿನೈದು ಹಡಗುಗಳಲ್ಲಿ ಸುಮಾರು 700 ಜನರನ್ನು ಕಳಿಸಿದ. ಅವರು ಬಂದರಿನ ಬಾಯಲ್ಲಿ ಲಂಗರು ಹಾಕಿ, ಬರುವ ಹಡಗುಗಳಿಗೆ ಹೊಂಚುಹಾಕಿ ಎರಡು ತಿಂಗಳು ಕುಳಿತರು. ಊರಿನವರಿಗೆ ಕಡಲಿಗಿಳಿದು ಕಾದುವ ಬಲವಿರಲಿಲ್ಲ, ಬಂದವರಿಗೆ ದಡಕ್ಕೆ ಇಳಿಯುವ ಧೈರ್ಯವಿರಲಿಲ್ಲ. ಕೊನೆಗೆ ಸಿರಾಫಿನ ಹೆಸರಾಂತ ವರ್ತಕ ರಾಮಿಶ್ತನ ಎರಡು ದೊಡ್ಡ ಹಡಗುಗಳು ಬಂದವು. ಗಾಳಿ ಅನುಕೂಲವಾಗಿ ಅವು ಶತ್ರುವಿನ ಕೈಗೆ ಸಿಗದೆ ಬಂದರು ಹೊಕ್ಕವು. ಏಡನ್ನಿನ ಸೈನಿಕರು ಅವುಗಳನ್ನೇ ಏರಿ ಕೀಶಿನವರನ್ನು ಓಡಿಸಿದರು. ಈ ರಾಮಿಶ್ತನೇ ಮುಂದೆ ಮೆಕ್ಕಾದ ಕಾಬಾಕ್ಕೆ ಚೀನಾದ ಬಟ್ಟೆಯ ಹೊದಿಕೆ ಹಾಕಿಸಿ, 1140ರಲ್ಲಿ ಸತ್ತು ಅಲ್ಲೇ ಮಣ್ಣಾದವನು.

ಈ ಮುತ್ತಿಗೆಯ ವಿವರವನ್ನು ಮಂಗಳೂರಿಗೆ ಬರೆದು ಕಳಿಸಿದವನು ಮದ್ಮೂನ್. ಬೊಮ್ಮ ಅದೇ ಕಾಲಕ್ಕೆ ಏಡನ್ನಿನಲ್ಲಿದ್ದಿರಬೇಕು. ಒಡೆಯ ಓದಿ ತಿಳಿದದ್ದನ್ನು ಆಳು ಕಣ್ಣಾರೆ ಕಂಡಿದ್ದ ಎಂದಾಯಿತು. ಆದರೆ ಕಂಡವನ ಮಾತು ಎಲ್ಲೂ ದಾಖಲಾಗಿಲ್ಲ. ಚರಿತ್ರೆಯ ಘಟನೆಯೊಂದು ಸಾಮಾನ್ಯನಿಗೆ ಎದುರಾಗುವ ಬಗೆ ಹೆಚ್ಚಾಗಿ ಹೀಗೆಯೇ. ಬಂದರು ಮುಚ್ಚಿತು, ಸರಕು ಇಳಿಯಲಿಲ್ಲ, ಕಾಯುವ ದಿನ ಹೆಚ್ಚಾಯಿತು, ಕೈಯ ಹಣ ತೀರಿತು.

ಮುಂದಿನ ವರ್ಷಗಳ ಪತ್ರಗಳಲ್ಲಿ ಯುದ್ಧಕ್ಕಿಂತ ಹೆಚ್ಚು ಕಡಲಿನದೇ ಮಾತು. ಒಮ್ಮೆ ಎರಡು ಹಡಗುಗಳಲ್ಲಿ ಹೋದ ಸರಕಿನಲ್ಲಿ ದೊಡ್ಡ ಹಡಗು ಬರ್ಬೆರಾದ ಹತ್ತಿರ ಬಂದು ಬಿರುಗಾಳಿಗೆ ಸಿಕ್ಕಿ ಬಾಬ್ ಅಲ್-ಮಂದಬ್ ಜಲಸಂಧಿಯಲ್ಲಿ ಒಡೆಯಿತು. ಮೆಣಸು ಪೂರ್ತಿ ನೀರುಪಾಲು. ಕಬ್ಬಿಣಕ್ಕಾಗಿ ಏಡನ್ನಿನಿಂದ ಮುಳುಗುಗಾರರನ್ನು ಗೊತ್ತುಮಾಡಿಕೊಂಡು ಹೋಗಿ ಹೆಚ್ಚುಕಡಿಮೆ ಅರ್ಧವನ್ನು ಮೇಲೆತ್ತಿಸಿದರು; ಅವರ ಕೂಲಿ ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಜಮಾ ಮಾಡಿದರು. ಘಟ್ಟದ ಕಡೆಯ ಕಬ್ಬಿಣಕ್ಕೆ ಅರಬ್ ನಾಡುಗಳಲ್ಲಿ ಇದ್ದ ಬೆಲೆ ಎಷ್ಟೆಂಬುದಕ್ಕೆ ಸಮುದ್ರದ ತಳದಿಂದ ಅದನ್ನು ಹೆಕ್ಕಿಸಿದ ಈ ಶ್ರಮವೇ ಸಾಕ್ಷಿ. ಬೊಮ್ಮನ ಸ್ಥಾನವೂ ಈ ವರ್ಷಗಳಲ್ಲಿ ಏರಿತು. ಮೊದಲು ದೂರಿಗೆ ವಸ್ತುವಾಗಿದ್ದವನಿಗೆ ಬರುಬರುತ್ತ ಪತ್ರದ ಕೊನೆಯಲ್ಲಿ ಗೌರವದ ವಂದನೆಗಳು ಬರತೊಡಗಿದವು. ಏಡನ್ನಿನ ಖಲಫ್ ಇಬ್ನ್ ಇಶಾಕ್ ಎಂಬ ವ್ಯಾಪಾರಿ 1148ರ ಬೇಸಿಗೆಯಲ್ಲಿ ಬೆನ್ ಯಿಜುವಿಗೆ ಬರೆದ ಪತ್ರದಲ್ಲೂ ಅವನಿಗೆ ವಂದನೆ ಹೇಳಿದ್ದಾನೆ.

ಆ 1148ರ ಬೇಸಿಗೆಯಲ್ಲಿ ಮೆಡಿಟರೇನಿಯನ್ ಕಡಲಿನ ಎರಡೂ ಬದಿ ಹೊತ್ತಿ ಉರಿಯುತ್ತಿತ್ತು. ಜೂನ್ 22ರಂದು ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರನ ನೌಕಾಪತಿ ಅಂಟಿಯೋಕಿನ ಜಾರ್ಜ್ ಮಹ್ದಿಯವನ್ನು ಹಿಡಿದ. ಎರಡು ದಿನದ ಮೇಲೆ, ಜೂನ್ 24ರಂದು, ಎರಡನೆಯ ಕ್ರುಸೇಡಿಗೆ ಬಂದ ಯುರೋಪಿನ ಅರಸರು ಪ್ಯಾಲೆಸ್ಟೈನಿನ ಆಕ್ರೆಯಲ್ಲಿ ಸಭೆ ಸೇರಿ ಡಮಾಸ್ಕಸ್ ಮೇಲೆ ದಂಡೆತ್ತಲು ತೀರ್ಮಾನಿಸಿದರು. ಜುಲೈಯಲ್ಲಿ ಹೋಗಿ ಸೋತು ಬಂದರು. ಪಶ್ಚಿಮದಲ್ಲಿ ಹಿಂದಿನ ವರ್ಷವಷ್ಟೇ ಮರ್ರಾಕೇಶನ್ನು ಗೆದ್ದ ಅಲ್ಮೊಹದರು ಅನ್ಯಮತೀಯರಿಗೆ ಉಸಿರಾಡಲು ಬಿಡದೆ ಮುನ್ನುಗ್ಗುತ್ತಿದ್ದರು. ಖಲಫನ ಪತ್ರದಲ್ಲಿ ಇದರ ಸದ್ದಿಲ್ಲ. ಅಲ್ಲಿರುವುದು ಸರಕು, ಬೆಲೆ, ಕಳಿಸಿದ ಉಡುಗೊರೆಗಳ ಪಟ್ಟಿ. ಕುರುಡುತನವೆಂದು ಇದನ್ನು ಬೈಯಬೇಕಿಲ್ಲ. ಕಾಗದ ಬರೆಯುವ ಹೊತ್ತಿಗೆ ಆ ಸುದ್ದಿಗಳು ಏಡನ್ ತಲುಪಿರುವುದೇ ಕಷ್ಟ.

ತಲುಪಿದಾಗ ಮಾತ್ರ ಅವು ಬೆನ್ ಯಿಜುವಿನ ಬದುಕನ್ನು ಬುಡಸಮೇತ ಅಲುಗಿಸಿದವು. ಮಹ್ದಿಯ ಅವನ ಹುಟ್ಟೂರು. ಬರಗಾಲದಿಂದ ಮೊದಲೇ ಸೊರಗಿದ್ದ ಆ ಕರಾವಳಿಯಲ್ಲಿ ಟ್ರಿಪೋಲಿ, ಜೆರ್ಬಾ, ಸ್ಫಾಕ್ಸ್, ಸೂಸ್ ಒಂದೊಂದೇ ನಾರ್ಮನ್ನರ ವಶವಾದವು. ಅಣ್ಣತಮ್ಮಂದಿರು ಮನೆಮಠ ಕಳೆದುಕೊಂಡು ಸಿಸಿಲಿ ಸೇರಿದ್ದರು. 1149ರಲ್ಲಿ ಬೆನ್ ಯಿಜು ಹರೆಯಕ್ಕೆ ಬರುತ್ತಿದ್ದ ಇಬ್ಬರು ಮಕ್ಕಳೊಡನೆ ಮಂಗಳೂರು ಬಿಟ್ಟು ಏಡನ್ನಿಗೆ ಬಂದ. ಸೆಪ್ಟೆಂಬರ್ 11ರಂದು ಅಲ್ಲಿಂದ ಸೋದರರಿಗೆ ಪತ್ರ ಬರೆದ. ಮಕ್ಕಳೊಡನೆ, ಗಳಿಕೆಯೊಡನೆ ಸುಖವಾಗಿ ಬಂದಿದ್ದೇನೆ, ಎಲ್ಲರಿಗೂ ಸಾಲುವಷ್ಟು ನನ್ನಲ್ಲಿದೆ, ಬನ್ನಿ, ಮಗಳನ್ನು ನಮ್ಮ ಮನೆತನದ ಹುಡುಗನಿಗೇ ಕೊಡುತ್ತೇನೆ ಎಂಬುದು ಅದರ ಸಾರಾಂಶ. ಅಶು ಅವರ ಜೊತೆ ಹಡಗು ಹತ್ತಿದ ಸೂಚನೆಯಿಲ್ಲ. ಮಕ್ಕಳು ತಾಯಿಯ ಮನೆಗೆ ಸೇರುವ ನಾಡಿನಲ್ಲಿ ಈ ಮಕ್ಕಳು ತಂದೆಯ ಬೆನ್ನು ಹಿಡಿದು ಹೋದದ್ದನ್ನು ಅವಳ ಕಡೆಯವರು ಹೇಗೆ ತೆಗೆದುಕೊಂಡರೋ, ಅದಕ್ಕೆ ಕಾಗದ ಸಾಕ್ಷಿ ಹೇಳುವುದಿಲ್ಲ.

ಮರಳಿದವನಿಗೆ ಸುಖ ಸಿಗಲಿಲ್ಲ. ಸಿಸಿಲಿಯಿಂದ ಬಂದು ಸೇರಿದ ಸೋದರ ಮುಬಶ್ಶಿರ್ ಸಾವಿರ ದಿನಾರಿನಷ್ಟು ಹಣ ಎತ್ತಿಹಾಕಿದ. ಹವಳದ ಉಡುಗೊರೆ ಪಡೆದಿದ್ದ ಮಗ ಸುರೂರ್ ತೀರಿಕೊಂಡ; ಇನ್ನೊಬ್ಬ ಮಗ ಅದಕ್ಕೂ ಮೊದಲೇ ಹೋಗಿದ್ದ. ಉಳಿದವಳು ಮಗಳು ಸಿತ್ತ್ ಅಲ್-ದಾರ್ ಒಬ್ಬಳೇ. 1151ರಲ್ಲಿ ಮದ್ಮೂನನೂ ತೀರಿದ. ಬೆನ್ ಯಿಜು ಯೆಮೆನ್ನಿನ ಒಳನಾಡಿನ ಧೂ ಜಿಬ್ಲಾದಲ್ಲಿ ವ್ಯವಹಾರ ನಡೆಸುತ್ತಿದ್ದ ಮೂರು ವರ್ಷ ಮಗಳು ಏಡನ್ನಿನಲ್ಲಿ ಹಳೆಯ ಗೆಳೆಯ ಖಲಫನ ಮನೆಯಲ್ಲಿ ಬೆಳೆದಳು. ಖಲಫ್ ತನ್ನ ಮಗನಿಗೆ ಅವಳನ್ನು ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ಪರರಿಗಿಂತ ಅಣ್ಣತಮ್ಮನ ಮಗನಿಗೆ ಹಕ್ಕು ಹೆಚ್ಚು ಎಂದ. ಬಿಡುಗಡೆಯಾದ ದಾಸಿಯಲ್ಲಿ ಹುಟ್ಟಿದ ಮಕ್ಕಳ ಸ್ಥಾನವೇನು ಎಂಬ ಧರ್ಮಸೂಕ್ಷ್ಮ ಅವನನ್ನು ಕಾಡುತ್ತಿತ್ತೆಂಬುದಕ್ಕೆ ಅವನದೇ ಕೈಬರಹದ ಟಿಪ್ಪಣಿಗಳಿವೆ. ಮನೆತನದೊಳಗೇ ಮದುವೆ ಮಾಡಬೇಕೆಂಬ ಹಟಕ್ಕೆ ಈ ಆತಂಕವೂ ಒಂದು ಕಾರಣವಿದ್ದೀತು.

ಯೂಸುಫನ ಮಗ, ಅವನ ಹೆಸರೂ ಸುರೂರ್, ಸಿಸಿಲಿಯ ಮಝಾರಾದಿಂದ ಹೊರಟು ಈಜಿಪ್ಟಿಗೆ ಬಂದ. ಅವನ ಹಿಂದೆ ಬಂದ ತಮ್ಮ ಮೋಶೆ ದಾರಿಯಲ್ಲಿ ಕಡಲುಗಳ್ಳರ ಕೈಗೆ ಸಿಕ್ಕಿ, ಕ್ರುಸೇಡರ ಹಿಡಿತದಲ್ಲಿದ್ದ ಟೈರ್ ಊರಿನಲ್ಲಿ ಸಿಲುಕಿ, ಕಷ್ಟಪಟ್ಟು ಬಿಡಿಸಿಕೊಂಡು ಬಂದ. 1156ರಲ್ಲಿ, ಹಳೆಯ ಕೈರೋ ಎನ್ನುವ ಫುಸ್ತಾತಿನಲ್ಲಿ, ಸುರೂರನಿಗೂ ಸಿತ್ತ್ ಅಲ್-ದಾರಳಿಗೂ ಮದುವೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ತುಳುವ ತಾಯಿಯ ಮಗಳು ಗಂಡನ ಮನೆಗೆ ಕೊಂಡೊಯ್ದ ಒಡವೆ ವಸ್ತ್ರ ಪಾತ್ರೆಗಳ ಪಟ್ಟಿ ಉಳಿದುಬಂದಿದೆ. ಮುಂದೆ ಸುರೂರ್ ಈಜಿಪ್ಟಿನಲ್ಲಿ ಯಹೂದಿ ನ್ಯಾಯಪೀಠದ ಸದಸ್ಯನಾದ.

ಬೊಮ್ಮ? ಅವನೂ ಈಜಿಪ್ಟಿನವರೆಗೆ ಹೋಗಿದ್ದ. ಫುಸ್ತಾತಿನಲ್ಲಿ ಬೆನ್ ಯಿಜು ಬರೆದಿಟ್ಟ ಒಂದು ಮನೆಖರ್ಚಿನ ಚೀಟಿಯಲ್ಲಿ ದಿನಸಿ, ರೊಟ್ಟಿಗಳ ಲೆಕ್ಕದ ನಡುವೆ ಬೊಮ್ಮನ ಹೆಸರು ಬರುತ್ತದೆ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಒಬ್ಬನೇ ಒಡೆಯನ ಜೊತೆ ಕಳೆದ ಈ ತುಳುವನ ಕುರಿತು ಸಿಗುವ ಕೊನೆಯ ದಾಖಲೆ ಅದು. ಹೆಚ್ಚುಕಡಿಮೆ ಅದೇ ಕಾಲಕ್ಕೆ, ಅವನು ಬಿಟ್ಟುಬಂದ ನಾಡಿನಲ್ಲಿ ಬಿಜ್ಜಳ ಕಲ್ಯಾಣದ ಗದ್ದುಗೆಯನ್ನು ಚಾಲುಕ್ಯರಿಂದ ಕಸಿದುಕೊಳ್ಳುತ್ತಿದ್ದ.

ಈ ಚೀಟಿಚಪಾಟಿಗಳು ಉಳಿದ ಬಗೆಯೂ ಆಕಸ್ಮಿಕ. ದೇವರ ಹೆಸರು ಬರೆದ ಕಾಗದವನ್ನು ಎಸೆಯಬಾರದು, ಸುಡಬಾರದು ಎಂಬುದು ಯಹೂದಿಗಳ ನಿಯಮ. ವ್ಯಾಪಾರದ ಪತ್ರಗಳೂ ದೇವರನ್ನು ನೆನೆದೇ ಶುರುವಾಗುತ್ತಿದ್ದವು, ಹೀಬ್ರೂ ಅಕ್ಷರದಲ್ಲಿ ಅರಬ್ಬಿ ಮಾತನ್ನು ಬರೆಯುತ್ತಿದ್ದರು. ಹಾಗಾಗಿ ಬೇಡವಾದ ಕಾಗದವೆಲ್ಲ ಫುಸ್ತಾತಿನ ಬೆನ್ ಎಝ್ರಾ ಮಂದಿರದ ಗೆನಿಝಾ ಎಂಬ ಕೋಣೆಗೆ ಬೀಳುತ್ತಿತ್ತು. 1168ರಲ್ಲಿ ಕ್ರುಸೇಡರ ಕೈಗೆ ಸಿಗಬಾರದೆಂದು ಈಜಿಪ್ಟಿನ ವಜೀರನೇ ಫುಸ್ತಾತಿಗೆ ಬೆಂಕಿ ಇಡಿಸಿದಾಗಲೂ ಈ ರಾಶಿ ಉಳಿಯಿತು. ಒಣ ಹವೆ ಅದನ್ನು ಏಳೆಂಟು ಶತಮಾನ ಕಾಪಾಡಿತು. ಕೇಂಬ್ರಿಜ್‌ನ ವಿದ್ವಾಂಸ ಸಾಲಮನ್ ಶೆಖ್ಟರ್ 1896-97ರ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಹೆಚ್ಚಿನ ಭಾಗವನ್ನು ಇಂಗ್ಲೆಂಡಿಗೆ ಸಾಗಿಸಿದ. ಉಳಿದವು ಕೊಳ್ಳುವವರ ಕೈ ಸೇರಿ ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ಜೆರುಸಲೇಮ್, ಫಿಲಡೆಲ್ಫಿಯಾ ಎಂದು ಚದುರಿಹೋದವು. ಬೆನ್ ಯಿಜುವಿಗೆ ಸಂಬಂಧಿಸಿದ ಎಪ್ಪತ್ತಕ್ಕೂ ಹೆಚ್ಚು ಕಾಗದಗಳು ಹೀಗೆ ಬೇರೆಬೇರೆ ಊರುಗಳಲ್ಲಿವೆ.

ಖಲಫ್ 1148ರಲ್ಲಿ ಬರೆದ ಪತ್ರ 1942ರಲ್ಲಿ ಜೆರುಸಲೇಮಿನ ‘ಸಿಯೋನ್’ ಎಂಬ ಹೀಬ್ರೂ ಪತ್ರಿಕೆಯಲ್ಲಿ ಅಚ್ಚಾಯಿತು. ಆಧುನಿಕ ಓದುಗರಿಗೆ ಬೊಮ್ಮ ಸಿಕ್ಕಿದ್ದು ಅಲ್ಲೇ ಮೊದಲು, ಅದೂ ಹೆಸರಿಲ್ಲದ ದಾಸನೆಂಬಷ್ಟರ ಮಟ್ಟಿಗೆ. ವಿದ್ವಾಂಸ ಎಸ್. ಡಿ. ಗೊಯ್ಟೈನ್ ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ದಶಕಗಳ ಕಾಲ ಕಲೆಹಾಕಿದರು. 1973ರಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದರು. ಅವರು 1985ರಲ್ಲಿ ತೀರಿಕೊಂಡ ಮೇಲೆ ಮೊರ್ದೆಖೈ ಫ್ರೀಡ್‌ಮನ್ ಕೆಲಸ ಮುಂದುವರಿಸಿ 2008ರಲ್ಲಿ ದೊಡ್ಡ ಸಂಪುಟವೊಂದನ್ನು ಹೊರತಂದರು. ಈ ನಡುವೆ ಲೇಖಕ ಅಮಿತಾವ್ ಘೋಷ್ ಈ ಆಳಿನ ಬೆನ್ನು ಹತ್ತಿ ಈಜಿಪ್ಟಿನ ಹಳ್ಳಿಗೂ ಮಂಗಳೂರಿಗೂ ಬಂದರು. ಹೀಬ್ರೂ ಲಿಪಿಯಲ್ಲಿ ಬರೆದ ಬ, ಮ, ಹ ಎಂಬ ಮೂರಕ್ಷರಗಳನ್ನು ಹೇಗೆ ಓದಬೇಕೆಂಬುದು ಅವರ ಮುಂದಿದ್ದ ತೊಡಕು. ಅದನ್ನು ಬಿಡಿಸಲು ನೆರವಾದವರು ಮಂಗಳೂರಿನ ಜಾನಪದ ವಿದ್ವಾಂಸ ಬಿ. ಎ. ವಿವೇಕ ರೈ. ತುಳುನಾಡಿನ ಬೆರ್ಮೆರ್ ದೈವದ ನೆನಪಿರುವ ಬೊಮ್ಮ ಎಂಬ ಹೆಸರು ಹೀಗೆ ನಿಂತಿತು. 1992ರಲ್ಲಿ ಬಂದ ಘೋಷರ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಕೃತಿ ಬೊಮ್ಮನನ್ನು ಮೊಗವೀರರಂಥ ಕಡಲಿನ ಜನರ ನಡುವೆ ಇಟ್ಟು ನೋಡುತ್ತದೆ. ಇದು ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ. ಕಡಲಾಚೆಯ ವ್ಯಾಪಾರಿಗಳೊಡನೆ ಈ ಜನರಿಗಿದ್ದ ನಂಟಿನ ನೆನಪೋ ಎಂಬಂತೆ, ಮೊಗವೀರರು ನಂಬುವ ಬೊಬ್ಬರ್ಯ ದೈವವೂ ಮುಸ್ಲಿಂ ಹಡಗು ವ್ಯಾಪಾರಿಯ ಮಗನೆಂದೇ ತುಳು ಜನಪದ ಹಾಡುಗಳಾದ ಪಾಡ್ದನಗಳು ಹೇಳುವುದು.

ಬೆನ್ ಯಿಜುವಿನ ತರುವಾಯವೂ ಮಂಗಳೂರಿನ ವ್ಯಾಪಾರ ನಿಲ್ಲಲಿಲ್ಲ. 1340ರ ದಶಕದಲ್ಲಿ ಬಂದ ಇಬ್ನ್ ಬತ್ತೂತ ಇಲ್ಲಿ ಸುಮಾರು 4000 ಮುಸ್ಲಿಮರು ಪ್ರತ್ಯೇಕ ಕೇರಿಯಲ್ಲಿದ್ದಾರೆಂದೂ ಯೆಮೆನ್, ಪರ್ಷಿಯಾಗಳ ವರ್ತಕರು ಬಂದಿಳಿಯುತ್ತಾರೆಂದೂ ಬರೆದಿದ್ದಾನೆ. ವಿಜಯನಗರದ ಕಾಲದ ಕರಾವಳಿ ಶಾಸನಗಳು ಪರದೇಶಿ ವರ್ತಕರ ಕೂಟವನ್ನು ಹಂಜಮಾನ ಎಂಬ ಹೆಸರಿನಿಂದ ಗುರುತಿಸುತ್ತವೆ. ಏಡನ್ನಿನೊಂದಿಗಿನ ಮೆಣಸಿನ ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು 1498ರ ಅನಂತರ, ಪೋರ್ಚುಗೀಸರು ತೋಪು ಹೊತ್ತ ಹಡಗುಗಳೊಂದಿಗೆ ಬಂದು ರಹದಾರಿಯಿಲ್ಲದ ಹಡಗನ್ನು ಸುಲಿಯತೊಡಗಿದ ಮೇಲೆ.